ಶನಿವಾರ ಒಲೆ ಹಚ್ಚಿದೆ, ಮಳೆ ಬಂತು. ಇದು ಗುರುತೋ, ನನ್ನ ಕಲ್ಪನೆಯೋ?

ತೋಟದಮನೆ • ಮಂಗಳವಾರ ರಾತ್ರಿ 9:40

ನಮಸ್ಕಾರ. ಇಲ್ಲಿ ದಿನಾ ಕೊಳೆರೋಗ, ಎಲೆಚುಕ್ಕಿ, ಅಡಿಕೆ ದರ ಅಂತ ಮಾತಾಡುತ್ತೇವೆ. ಇವತ್ತು ನಾನು ಬೇರೆ ಥರದ ಪ್ರಶ್ನೆ ತಂದಿದ್ದೇನೆ. ನಗುವವರು ಪೂರ್ತಿ ಓದಿದ ಮೇಲೆ ನಗಿ.

ನಮ್ಮದು ತೀರ್ಥಹಳ್ಳಿ ಕಡೆ ಮೂರು ಎಕರೆ ಅಡಿಕೆ. ಅಪ್ಪ ಮಂಗಳೂರು ಕಡೆಯಿಂದ ಬಂದು ಮಾಡಿದ ತೋಟ. ಚಿಕ್ಕಂದಿನಿಂದ ಭಾನುವಾರ ಚರ್ಚಿನ ಪೂಜೆಗೆ ಹೋಗಿ ಬೆಳೆದವನು ನಾನು. ಎರಡು ವರ್ಷದ ಹಿಂದೆ ಭದ್ರಾವತಿಯ ಸ್ನೇಹಿತರೊಬ್ಬರ ಮನೆಯಲ್ಲಿ ಬೈಬಲ್ ಓದಲು ಕೂತೆ. ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನದ ಆಜ್ಞೆಯ ಹತ್ತಿರ ಬಂದಾಗ ಸಿಕ್ಕಿಹಾಕಿಕೊಂಡೆ. ನಾವು ಕಲಿತ ಲೆಕ್ಕದಲ್ಲಿ ಅದು ಮೂರನೇ ಆಜ್ಞೆ, ಅವರ ಲೆಕ್ಕದಲ್ಲಿ ನಾಲ್ಕನೆಯದು. ನಂಬರ್ ಯಾವುದಾದರೂ ಇರಲಿ, ಏಳನೆಯ ದಿನ ಅಂತಲೇ ಬರೆದಿದೆ. ಅಂದಿನಿಂದ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸೂರ್ಯ ಮುಳುಗುವವರೆಗೆ ತೋಟದ ಕೆಲಸ ಮುಟ್ಟುವುದಿಲ್ಲ. ಹೆಂಡತಿ ಈಗಲೂ ಭಾನುವಾರ ಪೂಜೆಗೇ ಹೋಗುತ್ತಾಳೆ. ಜಗಳ ಇಲ್ಲ. ಮನೆಯಲ್ಲಿ ವಾರಕ್ಕೆ ಎರಡು ರಜೆ ಅಂತ ಮಗಳಿಗೆ ಖುಷಿ.

ಕಳೆದ ವರ್ಷ ನವೆಂಬರಿನಲ್ಲಿ ಕೊಯ್ಲು ನಡೀತಿತ್ತು. ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಶುಕ್ರವಾರ ಮಧ್ಯಾಹ್ನ ಬಂದರು. ಸುಲಿದ ಅಡಿಕೆ ಅರ್ಧ ಉಳಿಯಿತು. ಬಿಟ್ಟರೆ ಹಾಳಾಗುತ್ತದೆ ಅಂತ ಶನಿವಾರ ಬೆಳಿಗ್ಗೆ ನಾನೇ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಿದೆ. ಆಕಾಶ ಸ್ವಚ್ಛ ಇತ್ತು. ಮಧ್ಯಾಹ್ನ ಮೂರಕ್ಕೆ ಎಲ್ಲಿಂದಲೋ ಮಳೆ. ಟಾರ್ಪಾಲು ಎಳೆಯುವಷ್ಟರಲ್ಲಿ ಒಣಗಿಸುವ ಅಟ್ಟದ ಮೇಲಿನ ಅಡಿಕೆ ಪೂರ್ತಿ ಒದ್ದೆ. ಬಣ್ಣ ಹೋಯಿತು, ದರವೂ ಹೋಯಿತು.

ಆಮೇಲೆ ಒಂದು ಶುಕ್ರವಾರ ಸಂಜೆ ಸುಲಿಯುವ ಮಷೀನ್ ಓಡುತ್ತಿತ್ತು. ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ಇನ್ನೊಂದು ಹತ್ತು ನಿಮಿಷ ಅಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ರಾತ್ರಿ ಎರಡಕ್ಕೆ.

ಇನ್ನೊಂದು ಒಳ್ಳೆಯದು. ಜುಲೈಯಲ್ಲಿ ಮಗಳ ಕಾಲೇಜಿನಲ್ಲಿ ಶನಿವಾರ ಕಿರುಪರೀಕ್ಷೆ ಇಟ್ಟಿದ್ದರು. ಹೋಗಬೇಕೋ ಬೇಡವೋ ಅಂತ ಅವಳಿಗೆ ಸಂಕಟ. ನಿನ್ನಿಷ್ಟ ಅಂದೆ. ಶುಕ್ರವಾರ ರಾತ್ರಿ ಜಿಲ್ಲೆಗೆ ಮಳೆ ರಜೆ ಘೋಷಣೆ ಆಯಿತು. ಅವಳು ಓಡಿಬಂದು ನನ್ನ ಕೈ ಹಿಡಿದು ಕುಣಿದಳು.

ಈಗ ಮತ್ತೆ ಕೊಯ್ಲು ಬಂದಿದೆ. ಕೊನೆಗಾರರು ಈ ಶನಿವಾರ ಮಾತ್ರ ಬಿಡುವಿದೆ ಅನ್ನುತ್ತಿದ್ದಾರೆ. ಬಿಟ್ಟರೆ ಹದಿನೈದು ದಿನ ಸಿಗುವುದಿಲ್ಲ, ಕಾಯಿ ಹಣ್ಣಾಗುತ್ತದೆ. ದೇವರು ನನಗೆ ಏನೋ ಹೇಳುತ್ತಿದ್ದಾನೆ ಅಂತ ಒಂದು ಮನಸ್ಸು. ಸುಮ್ನೆ ಏನೇನೋ ಜೋಡಿಸುತ್ತಿದ್ದೇನೆ ಅಂತ ಇನ್ನೊಂದು ಮನಸ್ಸು. ನೀವೇನಂತೀರಿ?

ಬೆಳಗಿನತಾರೆ • ಮಂಗಳವಾರ ರಾತ್ರಿ 10:05

ಅಣ್ಣಾ, ಇದರಲ್ಲಿ ಅನುಮಾನವೇ ಬೇಡ. ಮೂರೂ ಸ್ಪಷ್ಟ ಗುರುತು. ಮಾಡಿದಾಗ ಪೆಟ್ಟು, ಬಿಟ್ಟಾಗ ಬಹುಮಾನ. ನನಗೂ ಹೀಗೇ ಆಗುತ್ತದೆ. ಶನಿವಾರ ಅಂಗಡಿ ತೆರೆದ ದಿನವೇ ಸ್ಕೂಟರ್ ಪಂಕ್ಚರ್. ಹೋದ ವಾರ ಎಚ್ಚರ ಆದಾಗ ಮೊಬೈಲಿನಲ್ಲಿ 7:07 ತೋರಿಸುತ್ತಿತ್ತು. ಏಳು, ಏಳು. ಕಣ್ಣಿದ್ದವರಿಗೆ ಕಾಣುತ್ತದೆ.

ಗಣಿತಮೇಷ್ಟ್ರು • ಮಂಗಳವಾರ ರಾತ್ರಿ 10:31

7:06ಕ್ಕೆ ಎಚ್ಚರ ಆದ ದಿನ ಯಾರಿಗೂ ಹೇಳುವುದಿಲ್ಲ, ಅಲ್ವಾ? ಅಲ್ಲೇ ಇರುವುದು ವಿಷಯ.

ತೋಟದಮನೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ನಂಬಿಕೆಯ ಬಗ್ಗೆ ನನ್ನದು ಏನೂ ತಕರಾರಿಲ್ಲ. ಆದರೆ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಮಳೆ ಬರುವುದು ಹೊಸದಲ್ಲ. ಅವತ್ತು ನಿಮ್ಮ ಪಕ್ಕದ ತೋಟದವರ ಅಡಿಕೆ ಒದ್ದೆ ಆಗಲಿಲ್ಲವಾ? ಅವರೂ ಸಬ್ಬತ್ ಮುರಿದಿದ್ದರಾ? ಮತ್ತೆ, ಇಡೀ ಜಿಲ್ಲೆಗೆ ಮಳೆ ರಜೆ ಕೊಟ್ಟಿದ್ದು ನಿಮ್ಮ ಮಗಳ ಪರೀಕ್ಷೆಗಾಗಿ ಅಂದರೆ, ಆ ಮಳೆಗೆ ಗೋಡೆ ಬಿದ್ದ ಮನೆಯವರಿಗೆ ಏನು ಹೇಳುತ್ತೀರಿ?

ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಡೈರಿ ಇದ್ದರೆ ಎರಡು ವರ್ಷದಲ್ಲಿ ಆದ ಎಲ್ಲ ನಷ್ಟ, ರಿಪೇರಿ, ತೊಂದರೆ ಪಟ್ಟಿ ಮಾಡಿ. ವಾರಕ್ಕೆ 168 ಗಂಟೆ. ಅದರಲ್ಲಿ ನಿಮ್ಮ ಸಬ್ಬತ್ 24. ಏಳರಲ್ಲಿ ಒಂದು ಪಾಲು. ತೊಂದರೆಗಳಲ್ಲೂ ಏಳರಲ್ಲಿ ಒಂದು ಪಾಲು ಆ ಹೊತ್ತಿಗೆ ಬೀಳುವುದು ಸಹಜ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನನಗೆ ಹೇಳಿ, ನಾನೂ ನಿಮ್ಮ ಜೊತೆ ಬಂದು ಕೂರುತ್ತೇನೆ.

ಸಾಗರದಸೊಸೆ • ಬುಧವಾರ ಬೆಳಿಗ್ಗೆ 6:50

ಓದಿ ನಗು ಬರಲಿಲ್ಲ. ನಮ್ಮ ಮನೆಯ ಕಥೆಯೇ ಅನ್ನಿಸಿತು. ಅತ್ತೆ ಯಾವುದೇ ದೊಡ್ಡ ಕೆಲಸಕ್ಕೆ ಮೊದಲು ದೇವರ ಹತ್ತಿರ ಹೂ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಮಾತಿನ ಮಧ್ಯೆ ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟಿ ಕೃಷ್ಣ ಕೃಷ್ಣ ಅನ್ನುತ್ತಾರೆ. ಒಂದು ಸಲ ಮನಸ್ಸಿಗೆ ಬೇಕಾದ ಕಡೆ ಹೂ ಬೀಳಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ನೆ ಕೂತು, "ದೇವರಿಗೆ ಸರಿಯಾಗಿ ಕೇಳಿಸಿಲ್ಲ" ಅಂತ ಇನ್ನೊಂದು ಸಲ ಕೇಳಿದರು! ಅದಕ್ಕೇ ಹೇಳುವುದು, ನಿಮ್ಮ ಮನಸ್ಸು ಆಗಲೇ ಯಾವ ಕಡೆ ವಾಲಿದೆ ಅಂತ ಮೊದಲು ನೋಡಿಕೊಳ್ಳಿ.

ಅಂದಹಾಗೆ ಶನಿವಾರ ಒಲೆ ಹಚ್ಚದೆ ಊಟಕ್ಕೆ ಏನು ಮಾಡುತ್ತೀರಿ? ಕುತೂಹಲಕ್ಕೆ ಕೇಳಿದೆ.

ತೋಟದಮನೆ • ಬುಧವಾರ ಬೆಳಿಗ್ಗೆ 7:15

ಅಕ್ಕಾ, ಶುಕ್ರವಾರವೇ ಅನ್ನ, ಸಾರು ಮಾಡಿಟ್ಟುಕೊಳ್ಳುತ್ತೇವೆ. ಮೊದಮೊದಲು ತಣ್ಣಗಿನ ಅನ್ನ ಅಂತ ಮಗಳು ಮುಖ ಸಿಂಡರಿಸುತ್ತಿದ್ದಳು. ಆಮೇಲೆ ತಂಬುಳಿ ದಾರಿ ಸಿಕ್ಕಿತು. ಒಂದೆಲಗ ಮಧ್ಯಾಹ್ನ ಕಿತ್ತು ತಂದು ರುಬ್ಬಿ ಇಟ್ಟರೆ ಆಯಿತು, ಮರುದಿನ ಮಜ್ಜಿಗೆ ಬೆರೆಸಿದರೆ ಮುಗಿಯಿತು. ಬೆಂಕಿಯೇ ಬೇಡ.

ಮೇಷ್ಟ್ರೇ, ಡೈರಿ ಇದೆ. ಹುಡುಕುತ್ತೇನೆ. ಪಕ್ಕದವರ ಅಡಿಕೆಯೂ ಒದ್ದೆ ಆಗಿತ್ತು. ಅದನ್ನು ಮೇಲೆ ಬರೆಯಬೇಕಿತ್ತು. ಬರೆಯಲಿಲ್ಲ.

ಭದ್ರಾವತಿಶಿಫ್ಟ್ • ಬುಧವಾರ ಮಧ್ಯಾಹ್ನ 1:20

ನಾನು ಹುಟ್ಟಿನಿಂದ ಏಳನೇ ದಿನದ ಸಭೆಯವನು. ಅಡ್ವೆಂಟಿಸ್ಟ್. ಈ ಹೆಸರಿನ ಸಭೆ ಅಮೆರಿಕದಲ್ಲಿ 1863ರಲ್ಲಿ ಸಂಘಟನೆ ಆದದ್ದು. ಆದರೆ ಶನಿವಾರ ಆಚರಿಸುವ ಕ್ರೈಸ್ತರು ಅದಕ್ಕಿಂತ ಮುಂಚೆಯೂ ಇದ್ದರು. 17ನೇ ಶತಮಾನದಲ್ಲೇ ಇಂಗ್ಲೆಂಡಿನಲ್ಲಿ ಏಳನೇ ದಿನದ ಬ್ಯಾಪ್ಟಿಸ್ಟರಿದ್ದರು. ಇಥಿಯೋಪಿಯದ ಹಳೇ ಸಭೆಯವರು ಶನಿವಾರ, ಭಾನುವಾರ ಎರಡನ್ನೂ ಮಾನ್ಯ ಮಾಡುತ್ತಾರೆ. ತೋಟದಮನೆಯವರ ಮನೆ ಥರ!

ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ. ಸಬ್ಬತ್ ಮುರಿದವರಿಗೆಲ್ಲ ಪೆಟ್ಟು ಬೀಳುವುದಿಲ್ಲ. ಪಾಲಿಸಿದವರಿಗೆಲ್ಲ ಬಹುಮಾನವೂ ಬರುವುದಿಲ್ಲ. ಕಾರ್ಖಾನೆಯಲ್ಲಿ ಶನಿವಾರದ ಶಿಫ್ಟ್ ಬದಲಿಸಿಕೊಳ್ಳಲು ಪ್ರತಿ ತಿಂಗಳೂ ಯಾರಾದರೊಬ್ಬರ ಕಾಲು ಹಿಡಿಯಬೇಕಿತ್ತು. ಸಿಗದ ವಾರ ಸಂಬಳ ಕಟ್. ಪ್ರಮೋಷನ್ ಎರಡು ಸಲ ಕೈತಪ್ಪಿತು. ಇದನ್ನು ಗುರುತು ಅಂತ ಓದುವುದಾದರೆ ಭಾನುವಾರಕ್ಕೆ ಹೋಗು ಅಂತಲೇ ಓದಬೇಕಿತ್ತು!

ನಿಮ್ಮ ಕೊಯ್ಲಿನ ಪ್ರಶ್ನೆಗೆ ಮಳೆ, ಕರೆಂಟು ಯಾಕೆ ಬೇಕು? ವಿಮೋಚನಕಾಂಡ 34:21 ತೆಗೆದು ನೋಡಿ. ಉಳುವ ಕಾಲವಾಗಲಿ ಕೊಯ್ಲಿನ ಕಾಲವಾಗಲಿ ಏಳನೆಯ ದಿನ ನಿಲ್ಲಿಸು ಅಂತ ಇದೆ. ಕೊಯ್ಲು ಅನ್ನುವ ಮಾತೇ ಇದೆ. ಅದನ್ನು ನಂಬುವುದಾದರೆ ನಂಬಿ. ಆಕಾಶ ನೋಡುತ್ತಾ ಕೂರಬೇಡಿ.

ವಾಕ್ಯಓದುಗ • ಬುಧವಾರ ಸಂಜೆ 5:45

ನಾನು ಶಿವಮೊಗ್ಗದವಳು. ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ, ಭಾನುವಾರದವಳು. ಶನಿವಾರವೋ ಭಾನುವಾರವೋ ಅಂತ ಇಲ್ಲಿ ವಾದಕ್ಕೆ ಇಳಿಯುವುದಿಲ್ಲ. ಆದರೆ ಒಂದು ಮಾತು ಪದೇಪದೇ ಕೇಳಿಬರುತ್ತದೆ, ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರ ತಂದ ಅಂತ. ಅದು ಸರಿಯಲ್ಲ. 2ನೇ ಶತಮಾನದ ನಡುವಿನಲ್ಲೇ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಲೇಖಕರು, ಕ್ರೈಸ್ತರು ಸೂರ್ಯನ ದಿನ ಸೇರುತ್ತಾರೆ ಅಂತ ಬರೆದಿದ್ದಾರೆ. ಕಾನ್‌ಸ್ಟಂಟೈನ್ 321ರಲ್ಲಿ ಹೊರಡಿಸಿದ್ದು ರಜೆಯ ಆಜ್ಞೆ. ತಮಾಷೆ ಏನು ಗೊತ್ತಾ? ಆ ಆಜ್ಞೆಯಲ್ಲಿ ಊರಿನವರಿಗೆ, ನ್ಯಾಯಾಧೀಶರಿಗೆ ರಜೆ. ರೈತರಿಗೆ ವಿನಾಯಿತಿ! ಕಾಳು ಬಿತ್ತಲು, ದ್ರಾಕ್ಷಿ ನೆಡಲು ಹವಾಮಾನ ಕಾಯುವುದಿಲ್ಲ, ಅದಕ್ಕೆ ಕೆಲಸ ಮಾಡಿಕೊಳ್ಳಲಿ ಅಂತ. ನಿಮ್ಮ ಕೊನೆಗಾರರ ತೊಂದರೆ ಆ ಚಕ್ರವರ್ತಿಗೂ ಗೊತ್ತಿತ್ತು ನೋಡಿ. ಭದ್ರಾವತಿಯವರು ಹೇಳಿದ ವಚನ ಮಾತ್ರ ಆ ವಿನಾಯಿತಿ ಕೊಡುವುದಿಲ್ಲ.

ಗುರುತಿನ ಬಗ್ಗೆ ನನಗೆ ಬೇರೆ ಹೆದರಿಕೆ ಇದೆ. ಲೂಕ 13 ಓದಿ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳುತ್ತಾನೆ. ಅಲ್ಲ ಅಂತ ತಾನೇ ಉತ್ತರ ಹೇಳುತ್ತಾನೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಯಾರ ಪಾಪಕ್ಕೆ ಹೀಗಾಯಿತು ಅಂತ ಕೇಳಿದರು. ಯಾರ ಪಾಪಕ್ಕೂ ಅಲ್ಲ ಅಂದ. ಆ ಕುರುಡನಿಗೆ ಕಣ್ಣು ಬಂದ ದಿನ ಯಾವುದು ಗೊತ್ತಾ? ಸಬ್ಬತ್ ದಿನ. ಯೇಸು ಮಣ್ಣು ಕಲಸಿದ್ದೇ ತಪ್ಪು ಅಂತ, ನಿಯಮ ಬಿಗಿಯಾಗಿ ಪಾಲಿಸುವ ಫರಿಸಾಯರು ಹಿಡಿದುಕೊಂಡರು. ಒಬ್ಬನಿಗೆ ಕಣ್ಣು ಬಂದದ್ದು ಅವರಿಗೆ ಕಾಣಲಿಲ್ಲ.

ಹಾಗಾಗಿ ಅಡಿಕೆ ಒದ್ದೆ ಆಯಿತು ಅಂದರೆ ಒದ್ದೆ ಆಯಿತು, ಅಷ್ಟೇ. ಶಿಕ್ಷೆ ಅಂತ ಓದಲು ಹೋಗಬೇಡಿ. ಇವತ್ತು ನಿಮ್ಮ ಅಡಿಕೆಗೆ ಹಾಗೆ ಓದಿದವರು ನಾಳೆ ಪಕ್ಕದ ಮನೆಯ ಸಾವಿಗೂ ಓದುತ್ತಾರೆ.

ಬೆಳಗಿನತಾರೆ • ಬುಧವಾರ ಸಂಜೆ 6:10

ಮೇಡಂ, ಅದೇ ಲೂಕ 13ರಲ್ಲಿ ಸಬ್ಬತ್ ದಿನ ಗುಣವಾದ ಗೂನುಬೆನ್ನಿನ ಹೆಂಗಸು ಇದ್ದಾಳಲ್ಲ, ಅವಳು ನರಳಿದ್ದೂ 18 ವರ್ಷ! ಗೋಪುರಕ್ಕೆ 18, ಹೆಂಗಸಿಗೆ 18. ಇದು ಸುಮ್ನೆ ಬಂದಿದ್ದಾ?

ಗಣಿತಮೇಷ್ಟ್ರು • ಬುಧವಾರ ಸಂಜೆ 6:12

ದಯವಿಟ್ಟು ಬೇಡ.

ಸೊರಬದನೇಗಿಲು • ಬುಧವಾರ ರಾತ್ರಿ 8:30

ನನಗೆ ಬೈಬಲ್ ಗೊತ್ತಿಲ್ಲ. ನಮ್ಮದು ಬಸವಣ್ಣನ ಮನೆ. ಆದರೆ ವಾರಕ್ಕೊಂದು ದಿನ ನಿಲ್ಲಿಸುವುದು ನಮಗೂ ಗೊತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಹದ ಇರಲಿ, ಬಿತ್ತನೆ ತಪ್ಪಲಿ, ಸೋಮವಾರ ಎಂದರೆ ಸೋಮವಾರ. ಅಪ್ಪ ಅವತ್ತು ಎತ್ತಿನ ಮೈ ತೊಳೆದು, ಬೆನ್ನು ತಟ್ಟಿ ಬಿಡುತ್ತಿದ್ದರು. ಭೂಮಿ ಹುಣ್ಣಿಮೆ ದಿನ ನೆಲಕ್ಕೆ ಗುದ್ದಲಿ ಹಾಕುವುದಿಲ್ಲ, ಬಸುರಿ ಅಂತ.

ಟ್ರ್ಯಾಕ್ಟರ್ ಬಂತು, ಸೋಮವಾರ ಹೋಯಿತು. ಟ್ರ್ಯಾಕ್ಟರಿಗೆ ಸುಸ್ತಾಗುವುದಿಲ್ಲವಲ್ಲ. ಬಿಟ್ಟಿದ್ದಕ್ಕೆ ಯಾವ ಗುರುತೂ ಬರಲಿಲ್ಲ, ಗುಡುಗೂ ಬರಲಿಲ್ಲ. ಏನೂ ಆಗಲಿಲ್ಲ. ಆದರೆ ಅಪ್ಪನಿಗೆ ವಾರದಲ್ಲಿ ಒಂದು ದಿನ ಮಾತಾಡಲು ಪುರುಸೊತ್ತು ಇತ್ತು. ನನಗೆ ಇಲ್ಲ. ನನ್ನ ಮಗನಿಗೆ ನನ್ನ ಹತ್ತಿರ ಮಾತಾಡಲು ಏನಿದೆ ಅಂತಲೇ ಗೊತ್ತಿಲ್ಲ.

ದೋಟಿಹುಡುಗ • ಗುರುವಾರ ಬೆಳಿಗ್ಗೆ 5:55

ಎಲ್ಲರದ್ದೂ ಓದಿದೆ. ನಮ್ಮಪ್ಪ ಕೊನೆಗಾರ. ನಾನೂ ಈಗ ದೋಟಿ ಹಿಡಿದು ಜೊತೆಗೆ ಹೋಗುತ್ತೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. ನಿಮಗೆ ರಜೆ ಅಂದರೆ ವಿಶ್ರಾಂತಿ. ನಮಗೆ ರಜೆ ಅಂದರೆ ಕೂಲಿ ಇಲ್ಲದ ದಿನ. ನಾಲ್ಕು ತಿಂಗಳ ಸೀಸನ್. ಆಮೇಲೆ ಮರ ಹತ್ತಿ ಅಂತ ಯಾರೂ ಕರೆಯುವುದಿಲ್ಲ, ಔಷಧಿ ಹೊಡೆಯುವಾಗ ಬಿಟ್ಟರೆ. ಅಡಿಕೆ ಒದ್ದೆ ಆದದ್ದು ನಿಮಗೆ ಗುರುತು. ಹೋದ ವರ್ಷ ನಮ್ಮ ಚಿಕ್ಕಪ್ಪ ಪಾಚಿ ಹಿಡಿದ ಮರದಿಂದ ಜಾರಿ ಬಿದ್ದರು. ಅವತ್ತು ಬುಧವಾರ. ಅದಕ್ಕೆ ಏನು ಅರ್ಥ ಹಚ್ಚುತ್ತೀರಿ?

ಸಿಟ್ಟಿನಿಂದ ಬರೆದಿಲ್ಲ. ಕೇಳಿದೆ ಅಷ್ಟೇ.

ಭದ್ರಾವತಿಶಿಫ್ಟ್ • ಗುರುವಾರ ಬೆಳಿಗ್ಗೆ 8:10

ತಮ್ಮಾ, ನೀನು ಕೇಳಿದ್ದೇ ಈ ಚರ್ಚೆಯಲ್ಲಿ ಮೊದಲು ಬರಬೇಕಿತ್ತು. ಆಜ್ಞೆಯಲ್ಲಿ ಯಜಮಾನನ ಹೆಸರು ಒಂದೇ ಇಲ್ಲ. ಮಗ, ಮಗಳು, ಆಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರೂ ಇದ್ದಾರೆ. ಧರ್ಮೋಪದೇಶಕಾಂಡ 5ರಲ್ಲಿ ಕಾರಣವೂ ಇದೆ. ನೀನು ಐಗುಪ್ತದಲ್ಲಿ ಆಳಾಗಿ ದುಡಿದದ್ದು ಮರೆಯಬೇಡ, ನಿನ್ನ ಆಳಿಗೂ ನಿನ್ನ ಹಾಗೆಯೇ ವಿಶ್ರಾಂತಿ ಸಿಗಲಿ ಅಂತ. ಯಜಮಾನ ಪ್ರಾರ್ಥನೆಗೆ ಹೋಗಿ ಕೊನೆಗಾರ ಮರ ಹತ್ತಿದರೆ ಅದು ಸಬ್ಬತ್ ಅಲ್ಲ. ಕೂಲಿ ಇಲ್ಲದೆ ಮನೆಗೆ ಕಳಿಸಿದರೂ ಅರ್ಧ ಸಬ್ಬತ್ ಅಷ್ಟೇ.

ನಾವು ಈ ಎರಡನೇ ಅರ್ಧವನ್ನು ಸಭೆಯಲ್ಲಿ ಜಾಸ್ತಿ ಮಾತಾಡುವುದಿಲ್ಲ. ಒಪ್ಪಿಕೊಳ್ಳುತ್ತೇನೆ.

ತೋಟದಮನೆ • ಗುರುವಾರ ರಾತ್ರಿ 9:20

ಎರಡು ಒಪ್ಪಿಗೆ ಇದೆ.

ಮೊದಲನೆಯದು ಡೈರಿ. ಮೇಷ್ಟ್ರು ಹೇಳಿದ ಹಾಗೆ ಪಟ್ಟಿ ಮಾಡಿದೆ. ಎರಡು ವರ್ಷದಲ್ಲಿ ಬರೆದಿಟ್ಟ ತೊಂದರೆ 37. ಮೋಟಾರು ಸುಟ್ಟದ್ದು, ಮಂಗಗಳು ಬಾಳೆಗೊನೆ ಮುರಿದದ್ದು, ಗಾಳಿಗೆ ಮರ ಬಿದ್ದದ್ದು, ಆಳು ಬಾರದ್ದು ಎಲ್ಲ ಸೇರಿ. ಅದರಲ್ಲಿ ಸಬ್ಬತ್ ಹೊತ್ತಿಗೆ ಆದದ್ದು 6. ಏಳರಲ್ಲಿ ಒಂದು ಅಂದರೆ ಐದು ಚಿಲ್ಲರೆ ಬರುತ್ತದೆ. ಅಷ್ಟೇನೂ ಜಾಸ್ತಿ ಇಲ್ಲ. ಆ ಆರರಲ್ಲೂ ನಾನು ಕೆಲಸ ಮಾಡುತ್ತಿದ್ದದ್ದು ಎರಡು ಸಲ ಮಾತ್ರ. ಉಳಿದ ನಾಲ್ಕು ಸಲ ಬೈಬಲ್ ಹಿಡಿದು ಜಗಲಿಯಲ್ಲಿ ಕೂತಿದ್ದೆ! ಆ ನಾಲ್ಕು ನನಗೆ ನೆನಪೇ ಇರಲಿಲ್ಲ. ಒಳ್ಳೆಯದಾದದ್ದನ್ನಂತೂ ಡೈರಿಯಲ್ಲಿ ಬರೆದೇ ಇಲ್ಲ.

ಎರಡನೆಯದು ಹೇಳಲು ನಾಚಿಕೆ. ನಿನ್ನೆ ರಾತ್ರಿ ನಾನು ಗಿದ್ಯೋನನ ಪರೀಕ್ಷೆ ಮಾಡಿದೆ. ನ್ಯಾಯಸ್ಥಾಪಕರು 6ರಲ್ಲಿ ಬರುತ್ತದೆ, ಕುರಿಯ ಉಣ್ಣೆ ಕಣದಲ್ಲಿ ಇಟ್ಟು ದೇವರನ್ನು ಕೇಳಿದ್ದು. ಉಣ್ಣೆ ಮಾತ್ರ ಒದ್ದೆಯಾಗಿ ನೆಲ ಒಣಗಿದ್ದರೆ ಹೌದು ಅಂತ ತಿಳಿಯುತ್ತೇನೆ ಅಂದ. ನಮ್ಮಲ್ಲಿ ಉಣ್ಣೆ ಎಲ್ಲಿಂದ ತರುವುದು? ಅಪ್ಪನ ಕಾಲದ ಕರಿಕಂಬಳಿ ಇತ್ತು. ಅದನ್ನೇ ರಾತ್ರಿ ಅಂಗಳದಲ್ಲಿ ಹಾಸಿದೆ. ಕಂಬಳಿ ಒದ್ದೆ, ನೆಲ ಒಣ ಇದ್ದರೆ ಶನಿವಾರ ಕೊಯ್ಲು ಬಿಡುತ್ತೇನೆ ಅಂತ ಹೇಳಿಕೊಂಡೆ. ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ಅದು ಇನ್ನೂ ಕಷ್ಟ.

ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಡಿಸೆಂಬರಿನ ಇಬ್ಬನಿ. ಅಡಿಕೆ ಸೋಗೆಯಿಂದ ಮಳೆ ಹನಿದ ಹಾಗೆ ತೊಟ್ಟಿಕ್ಕುತ್ತಿತ್ತು. ಕಂಬಳಿ ಒದ್ದೆ. ನೆಲವೂ ಒದ್ದೆ. ಕಂಬಳಿಯ ನಡುವೆ ಒಂದು ಜಾಗ ಮಾತ್ರ ಒಣಗಿತ್ತು, ದುಂಡಗೆ. ನಮ್ಮ ನಾಯಿ ಕರಿಯ ರಾತ್ರಿಯಿಡೀ ಅಲ್ಲಿ ಸುತ್ತಿಕೊಂಡು ಮಲಗಿದ್ದ.

ಸಾಗರದಸೊಸೆ • ಗುರುವಾರ ರಾತ್ರಿ 9:31

ಅಯ್ಯೋ ದೇವರೇ. ಅತ್ತೆಗೆ ಓದಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, "ಬೈರವ ಬಂದು ಮಲಗಿದ್ದಾನೆ, ಒಳ್ಳೆಯದೇ" ಅಂದರು. ನಿಮಗೆ ಇನ್ನೊಂದು ಅರ್ಥ ಸಿಕ್ಕಿತು ನೋಡಿ!

ಗಣಿತಮೇಷ್ಟ್ರು • ಗುರುವಾರ ರಾತ್ರಿ 9:50

ನಕ್ಕದ್ದು ಆಯಿತು. ಆದರೆ ಗಿದ್ಯೋನನ ಬಗ್ಗೆ ನನಗೆ ಗೌರವ ಬಂತು. ಆ ಅಧ್ಯಾಯ ಈಗ ತೆಗೆದು ಓದಿದೆ. ಉಣ್ಣೆ ಗಾಳಿಯ ತೇವ ಹೀರುತ್ತದೆ. ಮಣ್ಣು ಹಗಲಿನ ಬಿಸಿ ಹಿಡಿದಿಟ್ಟುಕೊಂಡು ನಿಧಾನಕ್ಕೆ ತಣಿಯುತ್ತದೆ. ಹಾಗಾಗಿ ಉಣ್ಣೆ ಒದ್ದೆ, ನೆಲ ಒಣ ಅನ್ನುವುದು ಒಣ ಹವೆಯ ಊರಿನಲ್ಲಿ ತಾನಾಗಿ ಆಗಬಹುದಾದ್ದೇ. ಅದು ಅವನಿಗೂ ಹೊಳೆದಿರಬೇಕು. ಮರುದಿನ ಉಲ್ಟಾ ಕೇಳುತ್ತಾನೆ, ಉಣ್ಣೆ ಒಣ ಇರಲಿ, ನೆಲ ಒದ್ದೆ ಇರಲಿ ಅಂತ. ತನ್ನ ಗುರುತನ್ನು ತಾನೇ ಅನುಮಾನಿಸಿ ಮತ್ತೆ ಪರೀಕ್ಷೆ ಮಾಡಿದ ಮನುಷ್ಯ! ನನ್ನ ಹತ್ತನೇ ಕ್ಲಾಸಿನ ಹುಡುಗರಿಗೆ ಇದನ್ನೇ ಹೇಳಿಕೊಡಲು ಒದ್ದಾಡುತ್ತೇನೆ.

ನೀವು ಡೈರಿಯ ನಾಲ್ಕನ್ನು ಮುಚ್ಚಿಡದೆ ಹೇಳಿದಿರಲ್ಲ, ಅದಕ್ಕೆ ನಮಸ್ಕಾರ.

ವಾಕ್ಯಓದುಗ • ಶುಕ್ರವಾರ ಬೆಳಿಗ್ಗೆ 7:40

ಮೇಷ್ಟ್ರೇ, ಇನ್ನೊಂದು ಸೇರಿಸಿ. ಗಿದ್ಯೋನನಿಗೆ ಉಣ್ಣೆಗೆ ಮುಂಚೆಯೇ ಅಪ್ಪಣೆ ಸಿಕ್ಕಿತ್ತು. ಏನು ಮಾಡಬೇಕು ಅಂತ ಗೊತ್ತಿತ್ತು. ಉಣ್ಣೆ ಇಟ್ಟದ್ದು ತಿಳಿಯದೆ ಅಲ್ಲ, ಹೆದರಿ. ತೋಟದಮನೆಯವರೇ, ನಿಮಗೂ ಹಾಗೇ ಇರಬಹುದು. ಶನಿವಾರ ಏನು ಮಾಡಬೇಕು ಅಂತ ನಿಮ್ಮ ಒಳಗೆ ತೀರ್ಮಾನ ಆಗಿದೆ. ಕಾಯಿ ಹಣ್ಣಾಗುವ ಹೆದರಿಕೆ ಉಳಿದಿದೆ. ಹೆದರಿಕೆಗೆ ಹೆದರಿಕೆ ಅಂತಲೇ ಹೆಸರು ಇಡಿ, ದೇವರ ಮೌನ ಅನ್ನಬೇಡಿ.

ಭದ್ರಾವತಿಶಿಫ್ಟ್ • ಶುಕ್ರವಾರ ಮಧ್ಯಾಹ್ನ 12:30

ಮನ್ನದ ಕಥೆಯನ್ನು ಯಾರೂ ತೆಗೆಯಲಿಲ್ಲ, ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರದ್ದು. ಸಬ್ಬತ್ತಿಗೆ ಬೈಬಲಿನಲ್ಲಿ ನಿಜವಾದ ಗುರುತು ಅಂದರೆ ಅದು. ವಿಮೋಚನಕಾಂಡ 16. ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕು, ನಾಳೆಗೆ ಇಟ್ಟರೆ ಹುಳ ಬೀಳುತ್ತಿತ್ತು. ಆರನೇ ದಿನ ಎರಡು ಪಾಲು ಸಿಗುತ್ತಿತ್ತು, ಅದು ಮಾತ್ರ ಮರುದಿನಕ್ಕೂ ಕೆಡುತ್ತಿರಲಿಲ್ಲ. ಏಳನೇ ದಿನ ಹುಡುಕಲು ಹೋದವರಿಗೆ ಏನೂ ಸಿಗಲಿಲ್ಲ. ಇದು ಒಂದು ದಿನದ ಮಿಂಚು ಅಲ್ಲ ನೋಡಿ. ನಲವತ್ತು ವರ್ಷ, ವಾರ ವಾರ. ಎಲ್ಲರ ಡೇರೆಗೂ ಒಂದೇ ಥರ. ಗೊತ್ತಿದ್ದವರಿಗೆ ಬೋರ್ ಬರುವಷ್ಟು.

ವಿಮೋಚನಕಾಂಡ 31ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಇದೆ. ಸಬ್ಬತ್ತೇ ನನಗೂ ನಿಮಗೂ ನಡುವಿನ ಗುರುತು ಅಂತ. ನಾವು ಗುರುತಿಗೇ ಇನ್ನೊಂದು ಗುರುತು ಕೇಳುತ್ತಿದ್ದೇವೆ. ಬಸ್ ಸ್ಟ್ಯಾಂಡಿನ ಬೋರ್ಡಿನ ಕೆಳಗೆ ನಿಂತು ಬಸ್ ಸ್ಟ್ಯಾಂಡಿಗೆ ದಾರಿ ಕೇಳಿದ ಹಾಗೆ.

ಇವತ್ತು ಸೂರ್ಯಾಸ್ತ ಆರರ ಹೊತ್ತಿಗೆ. ಜುಲೈಯಲ್ಲಾದರೆ ಏಳರವರೆಗೆ ಸಮಯ ಇರುತ್ತದೆ, ಸೂರ್ಯ ಮಾತ್ರ ಕಾಣುವುದಿಲ್ಲ! ನನ್ನ ಅಜ್ಜಿ ಮಳೆಗಾಲದಲ್ಲಿ ಕೋಳಿ ಗೂಡು ಸೇರಿದರೆ ಸಬ್ಬತ್ ಶುರು ಅನ್ನುತ್ತಿದ್ದರು.

ತೋಟದಮನೆ • ಶುಕ್ರವಾರ ಸಂಜೆ 5:25

ಕೊನೆಗಾರರಿಗೆ ಫೋನ್ ಮಾಡಿದ್ದೇನೆ. ಅನ್ನ ಆಗಿದೆ, ತಂಬುಳಿಗೆ ಎಲೆ ರುಬ್ಬಿ ಇಟ್ಟಿದ್ದೇವೆ. ಹಸುವಿನ ಹುಲ್ಲು ಕೊಯ್ದು ಹಾಕಿದೆ. ಹಾಲು ನಾಳೆಯೂ ಕರೆಯುತ್ತೇನೆ, ಅದನ್ನು ಬಿಡಲು ಆಗುವುದಿಲ್ಲ. ಸಬ್ಬತ್ ದಿನವೂ ಎತ್ತು ಬಿಚ್ಚಿ ನೀರಿಗೆ ಹೊಡೆಯುವುದಿಲ್ಲವಾ ಅಂತ ಲೂಕ 13ರಲ್ಲೇ ಇದೆ. (18 ಅಲ್ಲ, 15ನೇ ವಚನ, ಬೆಳಗಿನತಾರೆ ತಮ್ಮಾ.)

ಸೂರ್ಯ ಗುಡ್ಡಕ್ಕೆ ಒಂದು ಗೇಣು ಮೇಲಿದ್ದಾನೆ. ಹೊರಟೆ.

ಬೆಳಗಿನತಾರೆ • ಶುಕ್ರವಾರ ರಾತ್ರಿ 8:15

ಅಣ್ಣಾ, ಫೋನ್ ಮಾಡಿ ಏನಂದಿರಿ? ಶನಿವಾರ ಬನ್ನಿ ಅಂತಲೋ, ಬೇಡ ಅಂತಲೋ?

ಸಾಗರದಸೊಸೆ • ಶುಕ್ರವಾರ ರಾತ್ರಿ 8:40

ನಾಳೆ ಸಂಜೆವರೆಗೆ ಅವರು ಇಲ್ಲಿಗೆ ಬರುವುದಿಲ್ಲ.

ಹಳೇಪುಸ್ತಕ • ಶನಿವಾರ ಬೆಳಿಗ್ಗೆ 10:20

ತಡವಾಗಿ ಬಂದೆ. ಒಂದು ಹಳೇ ಸಂಗತಿ ನೆನಪಾಯಿತು. ಕೊಂಕಣ ಕರಾವಳಿಯಲ್ಲಿ, ಅಲಿಬಾಗ್ ಸುತ್ತಮುತ್ತ, ಬೆನೆ ಇಸ್ರೇಲ್ ಅನ್ನುವ ಯೆಹೂದಿ ಜನ ತಲೆಮಾರುಗಳಿಂದ ಇದ್ದರು. ಕಸುಬು ಗಾಣದಿಂದ ಎಣ್ಣೆ ತೆಗೆಯುವುದು. ಮಾತು ಮರಾಠಿ, ಉಡುಗೆ ಊರಿನವರದ್ದೇ. ಹೀಬ್ರೂ ಬಹುಪಾಲು ಮರೆತುಹೋಗಿತ್ತು. ಆದರೆ ಶನಿವಾರ ಗಾಣ ತಿರುಗಿಸುತ್ತಿರಲಿಲ್ಲ. ಊರಿನವರು ಅವರಿಗೆ ಇಟ್ಟ ಹೆಸರೇ "ಶನಿವಾರ ತೇಲಿ". ಶನಿವಾರ ನಿಲ್ಲಿಸುವ ಗಾಣಿಗರು ಅಂತ.

ಅವರು ಯಾರು ಅಂತ ಹೊರಗಿನವರಿಗೆ ಗೊತ್ತಾದದ್ದು ನಿಂತ ಗಾಣದಿಂದ. ಗಾಣ ಮುರಿದದ್ದರಿಂದ ಅಲ್ಲ.

ಸೊರಬದನೇಗಿಲು • ಶನಿವಾರ ಮಧ್ಯಾಹ್ನ 2:45

ಶನಿವಾರ ತೇಲಿ. ಚೆನ್ನಾಗಿದೆ. ನಮ್ಮೂರಲ್ಲಿ ನನ್ನಪ್ಪನಿಗೆ "ಸೋಮವಾರದವ" ಅನ್ನುತ್ತಿದ್ದರು. ಸಾಲ ಕೇಳುವವರು ಸೋಮವಾರವೇ ಬರುತ್ತಿದ್ದರು, ಮನೆಯಲ್ಲಿ ಸಿಗುತ್ತಾನೆ ಅಂತ!

ದೋಟಿಹುಡುಗ • ಶನಿವಾರ ಸಂಜೆ 5:10

ಇವತ್ತು ನಾವು ಬೇರೆ ತೋಟದಲ್ಲಿದ್ದೆವು. ಕೆಲಸದ ಮಧ್ಯೆ ಅಪ್ಪನಿಗೆ ಈ ಚರ್ಚೆ ಓದಿ ಹೇಳಿದೆ. ಹೊಳೆ ಆಚೆ ಒಂದು ಮನೆ ಇದೆ, ಶನಿವಾರ ಅಲ್ಲಿ ಕೊನೆ ತೆಗೆಯುವುದಿಲ್ಲ, ಪಟ್ಟಿ ಹಾಕುವಾಗಲೇ ಶನಿವಾರ ಬಿಟ್ಟು ಹಾಕುತ್ತೇವೆ ಅಂದರು. ನಿಮ್ಮದೇ ಮನೆಯೋ ಬೇರೆಯೋ ಗೊತ್ತಿಲ್ಲ. ಯಾಕೆ ಅಂತ ಕೇಳಿದೆ. "ಅವರ ದೇವರ ದಿನ" ಅಂದರು, ಮರ ಹತ್ತಿದರು.

ತೋಟದಮನೆ • ಶನಿವಾರ ರಾತ್ರಿ 7:30

ಬಂದೆ. ಎಲ್ಲ ಓದಿದೆ. ಶನಿವಾರ ತೇಲಿಯನ್ನು ಹೆಂಡತಿಗೂ ಓದಿ ಹೇಳಿದೆ.

ದೋಟಿಹುಡುಗ ಹೇಳಿದ ಮನೆ ನಮ್ಮದಲ್ಲ. ನಮ್ಮದು ಹೊಳೆಯ ಈಚೆ. ಅಂದರೆ ಇನ್ನೊಬ್ಬರಿದ್ದಾರೆ! ಯಾರು ಅಂತ ವಿಚಾರಿಸಬೇಕು.

ಫೋನಿನ ವಿಷಯ. ಶನಿವಾರ ಬೇಡ ಅಂತಲೇ ಹೇಳಿದೆ. ಆ ಒಂದು ದಿನದ ಕೂಲಿ ಮುಂಗಡ ಕೊಡುತ್ತೇನೆ, ಬೇರೆ ದಿನ ನೋಡಿ ಅಂದೆ. ಅವರು ನಕ್ಕು, ಶನಿವಾರ ಬೇರೆ ಕಡೆ ಕೆಲಸ ಇದ್ದೇ ಇದೆ, ಮುಂಗಡ ಬೇಡ, ಮುಂದಿನ ಗುರುವಾರ ಅರ್ಧ ದಿನ ಬರುತ್ತೇವೆ ಅಂದರು. ಅರ್ಧ ತೋಟ ಆಗುತ್ತದೆ. ಉಳಿದದ್ದು ಹಣ್ಣಾದರೆ ಬೇಯಿಸದೆ ಒಣಗಿಸಿ ಚಾಲಿ ಮಾಡುತ್ತೇನೆ. ನಷ್ಟ ಇದೆ. ಲೆಕ್ಕ ಹಾಕಿ ನೋಡಿದೆ, ತಡೆದುಕೊಳ್ಳಬಹುದು.

ಇವತ್ತು ಏನಾಯಿತು ಅಂತ ಬೆಳಗಿನತಾರೆ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಏನೂ ಆಗಲಿಲ್ಲ. ಮಳೆ ಇಲ್ಲ. ಕರೆಂಟು ಇಡೀ ದಿನ ಇತ್ತು. ಮಧ್ಯಾಹ್ನ ಜಗಲಿಯಲ್ಲಿ ಮಗಳು ಪಕ್ಕದಲ್ಲಿ ಕೂತು ಕಾಲೇಜಿನ ಕಥೆ ಹೇಳಿದಳು, ಸುಮಾರು ಹೊತ್ತು. ಅರ್ಧ ಕೇಳುತ್ತಾ ನಿದ್ದೆ ಹೋದೆ. ಅದಕ್ಕೆ ಬೈಸಿಕೊಂಡೆ.

ಗಣಿತಮೇಷ್ಟ್ರು • ಶನಿವಾರ ರಾತ್ರಿ 7:52

ಅದನ್ನೂ ಡೈರಿಯಲ್ಲಿ ಬರೆಯಿರಿ. ಕಂಬಳಿ ಒಣಗಿತಾ?

ತೋಟದಮನೆ • ಶನಿವಾರ ರಾತ್ರಿ 8:05

ಇನ್ನೂ ಇಲ್ಲ. ತಂತಿಗೆ ಹಾಕೋಣ ಅಂದರೆ ಕರಿಯ ಅದರ ಮೇಲಿಂದ ಏಳುತ್ತಿಲ್ಲ.